ಸಾಹೇಬನ ಹಿಂದಿನ ಕಾಲು

2024ರ ಮಾರ್ಚ್. ಸರ್ಕಾರಿ ಪಶುವೈದ್ಯೆಯಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದ ಮೇಲೆ ಮರಾಠಿ ನಾಡಿನ ಛತ್ರಪತಿ ಸಂಭಾಜಿನಗರದಲ್ಲಿ ಒಂದು ಚಿಕ್ಕ ಕ್ಲಿನಿಕ್ ತೆರೆದಿದ್ದೆ; ಅದು ಎರಡನೇ ವರ್ಷ. ನಾನು ಬೀದರ್ ಜಿಲ್ಲೆಯವಳು. ನೌಕರಿಯ ಕೊನೆಯ ಒಂಬತ್ತು ವರ್ಷ ಕಳೆದದ್ದು ಇಲ್ಲಿಗೆ ಹತ್ತಿರದ ‘ಕನ್ನಡ’ ಎಂಬ ತಾಲ್ಲೂಕು ಊರಿನಲ್ಲಿ. ಊರಿನ ಹೆಸರು ಕನ್ನಡವಾದರೂ ಅಲ್ಲಿನ ಎಮ್ಮೆಗಳಿಗೂ ಮರಾಠಿಯಲ್ಲೇ ಗದರಿಸಬೇಕಿತ್ತು. ನಾನೂರು ಕಿಲೋ ತೂಗುವ ಎಮ್ಮೆ, ಒದೆಯಲೆಂದೇ ಕಾಯುವ ಎತ್ತು ನನ್ನ ರೋಗಿಗಳು. ಕ್ಲಿನಿಕ್ ತೆರೆದ ಮೇಲೆ ನಾಯಿ, ಬೆಕ್ಕುಗಳಿಗೆ ಹೊಂದಿಕೊಂಡೆ. ಆದರೆ ಒಂದು ಕಿಲೋ ಕೂಡ ತೂಗದ ರೋಗಿಯ ಮುಂದೆ ನಾನಿನ್ನೂ ಹೊಸಬಳೇ.

ಒಂದು ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ದಪ್ಪ ಮೀಸೆಯ ಎತ್ತರದ ಆಸಾಮಿಯೊಬ್ಬರು ಮೋಟಾರ್ ಸೈಕಲ್ಲಿನ ಹೆಲ್ಮೆಟ್ಟನ್ನು ತಲೆಕೆಳಗಾಗಿ ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದರು. ಹೆಲ್ಮೆಟ್ಟಿನೊಳಗೆ ಟವೆಲ್, ಟವೆಲ್ಲಿನೊಳಗೆ ಕಂದು ಬಿಳಿ ಬಣ್ಣದ ಒಂದು ಗಿನಿ ಪಿಗ್. ಅವರ ಹೆಸರು ಶರಣಪ್ಪ. ಕಲಬುರಗಿ ಜಿಲ್ಲೆಯ ಸೇಡಂ ಕಡೆಯವರು, ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ನಾನು ಕನ್ನಡ ಮಾತಾಡುವವಳೆಂದು ಯಾರಿಂದಲೋ ತಿಳಿದು ಬಂದಿದ್ದರು.

“ನಿನ್ನಿ ಮುಂಜಾನಿಂದ ಹಿಂದಿನ ಕಾಲ ಎತ್ತವಲ್ದರಿ ಮೇಡಂ. ತೆವಳಿಕೋತ ಹೊಂಟದ. ಸಾಹೇಬ ಅಂತ ಹೆಸರರಿ.”

“ಸಾಹೇಬನಾ?”

“ಮಗಳು ಇಟ್ಟಾಳರಿ. ಫ್ಯಾಕ್ಟರಿಯಾಗೊಬ್ಬ ಸಾಹೇಬ, ಮನಿಯಾಗೊಬ್ಬ.”

ಮಗಳು ಅಶ್ವಿನಿ ನರ್ಸಿಂಗ್ ಓದಲು ನಾಸಿಕ್‌ಗೆ ಹೋಗಿ ಐದು ವಾರವಾಗಿತ್ತು. ಹಾಸ್ಟೆಲ್ಲಿನಲ್ಲಿ ಪ್ರಾಣಿ ಸಾಕುವಂತಿಲ್ಲ. ಅಪ್ಪನ ಕೈಗೆ ಸಾಹೇಬನನ್ನು ಒಪ್ಪಿಸಿ ಹೋಗಿದ್ದಳು.

ತೂಕ ಮಾಡಿದೆ, 720 ಗ್ರಾಂ. ಮಗಳು ಹೋಗುವಾಗ 860 ಇತ್ತಂತೆ. ಮೇಜಿನ ಮೇಲೆ ಬಿಟ್ಟರೆ ಮುಂದಿನ ಕಾಲುಗಳಿಂದ ಮೈಯನ್ನು ಎಳೆಯುತ್ತಿತ್ತು. ಹಿಂದಿನ ಕಾಲುಗಳು ಒದ್ದೆ ಬಟ್ಟೆಯ ಹಾಗೆ ಹಿಂದೆ ಬರುತ್ತಿದ್ದವು. “ಎಲ್ಲಿಂದಾದರೂ ಬಿದ್ದಿತ್ತಾ?” ಎಂದೆ. “ಇಲ್ರಿ” ಎಂದರು, ಗೋಡೆ ನೋಡುತ್ತ.

ಎಕ್ಸ್‌ರೇ ತೆಗೆಯಲು ಒಳಕೋಣೆಗೆ ಒಯ್ಯುವಷ್ಟರಲ್ಲಿ ಹಿಂದೆಯೇ ಬಂದು ನಿಂತರು. ಅವರ ಕಣ್ಣು ಕೆಂಪಾಗಿತ್ತು.

“ಸುಳ್ಳು ಹೇಳಿದ್ನಿರಿ. ಆಯಿತವಾರ ಮ್ಯಾಚ್ ನೋಡ್ಕೋತ ತೊಡಿ ಮ್ಯಾಲ ಕುಂದ್ರಿಸ್ಕೊಂಡಿದ್ದೆ. ಸಿಕ್ಸರ್ ಬಿತ್ತು, ಎದ್ದು ನಿಂತುಬಿಟ್ಟೆ. ಕೆಳಗ ಬಿತ್ತರಿ ಇದು. ಮಗಳು ದಿನಾ ವಿಡಿಯೊ ಕಾಲ್‌ನಾಗ ತೋರಿಸು ಅಂತಾಳ. ನಿನ್ನಿ ನೆಟ್‌ವರ್ಕ್ ಇಲ್ಲ ಅಂದೆ. ಇವತ್ತೇನಂತ ಹೇಳ್ಲಿ?”

ನನ್ನ ತಲೆಯಲ್ಲಿ ಪ್ರಕರಣ ಅಲ್ಲಿಗೇ ಮುಗಿದುಹೋಯಿತು. ಬಿದ್ದಿದೆ, ಹಿಂಗಾಲು ಹೋಗಿದೆ. ಅಂದರೆ ಬೆನ್ನುಹುರಿಗೆ ಪೆಟ್ಟು. ಹುರಿ ತುಂಡಾಗಿದ್ದರೆ ಔಷಧವಿಲ್ಲವೆಂದು ಅವರಿಗೆ ಮೆಲ್ಲಗೆ ತಿಳಿಸಿಯೂ ಬಿಟ್ಟೆ. ಅವರು “ನೋವಾಗದಂಗ ಕಳಿಸಲಿಕ್ಕ ಬರ್ತದೇನ್ರಿ?” ಎಂದು ಕೇಳಿದರು. ಕಾರ್ಖಾನೆಯಲ್ಲಿ ಮೂವತ್ತು ಮಂದಿಯನ್ನು ಗದರಿಸುವ ದನಿ ನೂಲಿನಷ್ಟು ಸಣ್ಣಗಾಗಿತ್ತು.

ಎಕ್ಸ್‌ರೇ ಬಂತು. ಬೆನ್ನೆಲುಬು ನೆಟ್ಟಗಿತ್ತು. ಎಲ್ಲಿಯೂ ಮುರಿತವಿಲ್ಲ. ಮೇಜಿನ ಮೇಲೆ ಪರೀಕ್ಷಿಸುತ್ತ ಹಿಂದಿನ ಬೆರಳನ್ನು ಚಿವುಟಿದ್ದಾಗ ಸಾಹೇಬ ಕಾಲನ್ನು ಸೆಳೆದುಕೊಂಡು ಕಿರುಚಿದ್ದು ಆಗ ನೆನಪಾಯಿತು. ಹುರಿ ಹೋದ ಪ್ರಾಣಿಗೆ ಅಷ್ಟು ನೋವು ತಿಳಿಯಬಾರದು. ನನಗೆ ಗೊಂದಲವಾಯಿತು. ನಾಸಿಕ್‌ನಲ್ಲಿ ಮೊಲ, ಗಿನಿ ಪಿಗ್, ಪಕ್ಷಿಗಳನ್ನೇ ನೋಡುವ ಮೀನಲ್ ಎಂಬ ಕಿರಿಯ ವೈದ್ಯೆ ನನಗೆ ಪರಿಚಿತಳು. ಅವಳಿಗೆ ಚಿತ್ರ ಕಳಿಸಿ ಫೋನ್ ಮಾಡಿದೆ. ಎಲ್ಲವನ್ನೂ ಕೇಳಿ ಅವಳು ಮರಾಠಿಯಲ್ಲಿ ಒಂದೇ ಪ್ರಶ್ನೆ ಹಾಕಿದಳು:

“ಮ್ಯಾಡಂ, ತೋ ಖಾತೋ ಕಾಯ್?”

ಅದು ಏನು ತಿನ್ನುತ್ತದೆ? ನನಗೆ ನಾಚಿಕೆಯಾಯಿತು. ಮೂವತ್ತೊಂದು ವರ್ಷ ಪ್ರತಿ ಎಮ್ಮೆಯ ಮಾಲೀಕನಿಗೂ ನಾನು ಮೊದಲು ಕೇಳುತ್ತಿದ್ದದ್ದು ಅದನ್ನೇ. ಅಂದು ಕೇಳಿರಲಿಲ್ಲ.

ಶರಣಪ್ಪನವರು ತುಸು ಹೆಮ್ಮೆಯಿಂದಲೇ ಹೇಳಿದರು: “ಮೊಲದ ಫೀಡ್‌ರಿ, ಅಂಗಡ್ಯಾಗ ಇದ್ದದ್ದರಾಗ ಛಲೋದು. ಮತ್ತ ಜೋಳದ ರೊಟ್ಟಿ, ಹಾಲಿನಾಗ ನೆನಸಿ.”

“ಹಸಿ ತರಕಾರಿ?”

“ಮಗಳು ಫ್ರಿಜ್ ಮ್ಯಾಲ ಚೀಟಿ ಹಚ್ಚಿದ್ಲರಿ. ಅದರಾಗ ದಿನಾ ಬೆಲ್ ಪೆಪ್ಪರ್ ಕೊಡು ಅಂತ ಬರದಾಳ. ಪೆಪ್ಪರ್ ಅಂದ್ರ ಕರಿ ಮೆಣಸಲ್ರಿ? ಮೂಕ ಪ್ರಾಣಿಗಿ ಮೆಣಸು ತಿನಸಂತಾಳಲ್ಲ, ಹುಡುಗಿಗಿ ಬುದ್ಧಿಲ್ಲ ಅಂತ ಚೀಟೀನ ತಗದುಬಿಟ್ಟೆ.”

ನಗು ತಡೆಯಲಾಗಲಿಲ್ಲ. “ಅದು ಢೋಬಳಿ ಮಿರ್ಚಿ ರೀ, ದೊಣ್ಣೆ ಮೆಣಸಿನಕಾಯಿ! ನೀವು ಪಲ್ಯ ಮಾಡ್ತೀರಲ್ಲ, ಅದು.”

ಸಾಹೇಬನ ತುಟಿ ಬಿಡಿಸಿ ನೋಡಿದೆ. ವಸಡಿನಲ್ಲಿ ರಕ್ತದ ಗೆರೆ. ಮೊಣಕಾಲ ಗಂಟುಗಳು ಊದಿದ್ದವು. ಇದು ವಿಟಮಿನ್ ಸಿ ಕೊರತೆ, ವೈದ್ಯರು ಸ್ಕರ್ವಿ ಎನ್ನುವ ಕಾಯಿಲೆ. ಹಸು, ನಾಯಿ, ಬೆಕ್ಕುಗಳ ದೇಹ ಈ ವಿಟಮಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ. ಗಿನಿ ಪಿಗ್ಗಿಗೆ, ನಮ್ಮ ಹಾಗೆಯೇ, ಅದು ತಿನ್ನುವುದರಿಂದಲೇ ಸಿಗಬೇಕು. ಮೊಲಕ್ಕೆ ಆ ತೊಂದರೆಯಿಲ್ಲ, ಹಾಗಾಗಿ ಮೊಲದ ಆಹಾರದಲ್ಲಿ ಅದನ್ನು ಸೇರಿಸಿರುವುದಿಲ್ಲ. ಕೆಲವೇ ವಾರಗಳಲ್ಲಿ ಗಂಟುಗಳು ಊದಿ, ನೋವಿಗೆ ಕಾಲೂರುವುದನ್ನೇ ಪ್ರಾಣಿ ಬಿಟ್ಟುಬಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಪಾರ್ಶ್ವವಾಯುವಿನಂತೆಯೇ ಕಾಣುತ್ತದೆ.

“ನೀವು ಬೀಳಿಸಿದ್ದರಿಂದ ಇದಾಗಿಲ್ಲ” ಎಂದೆ. ಮೂರು ದಿನದಿಂದ ಹೊತ್ತಿದ್ದ ಭಾರ ಅವರ ಭುಜದಿಂದ ಇಳಿದದ್ದು ನನಗೆ ಕಂಡಿತು. “ಆದರೆ ತಿನ್ನಿಸಿದ್ದರಿಂದ ಆಗಿದೆ.” ಭುಜ ಮತ್ತೆ ಕುಸಿಯಿತು. “ಮತ್ತೆ ನಾನೂ ವಿಚಾರಿಸದೆ ಬೆನ್ನುಹುರಿ ಅಂದುಬಿಟ್ಟೆ.”

“ಹಂಗಾದ್ರ ಮಗಳ ಕೈಲಿ ಇಬ್ಬರೂ ಅರ್ಧ ಅರ್ಧ ಬೈಸಿಕೊಳ್ಳೂಣ್ರಿ” ಎಂದು ಅಲ್ಲಿಂದಲೇ ಮಗಳಿಗೆ ವಿಡಿಯೊ ಕಾಲ್ ಮಾಡಿದರು. ಅಶ್ವಿನಿ ಮೊದಲು ಅತ್ತಳು, ಆಮೇಲೆ ಪೆಪ್ಪರ್ ಕಥೆ ಕೇಳಿ ಅಳುತ್ತಲೇ ನಕ್ಕಳು. “ಪಪ್ಪಾ, ಕಾಯ್ ಹೇ! ಏನಿದು! ಒಂದು ಫೋನ್ ಮಾಡಿ ಕೇಳ್ಬೇಕಿಲ್ಲೇನು?” ನನ್ನ ಪಾಲಿನ ಬೈಗುಳ ಮಾತ್ರ ಬರಲಿಲ್ಲ.

ಚಿಕಿತ್ಸೆ ಹೀಗಿತ್ತು: ದಿನಕ್ಕೆ ಐವತ್ತು ಮಿಲಿಗ್ರಾಂ ವಿಟಮಿನ್ ಸಿ, ಸಿರಿಂಜಿನಿಂದ ನೇರ ಬಾಯಿಗೆ. ಕುಡಿಯುವ ನೀರಿಗೆ ಬೆರೆಸಿದರೆ ಅದರ ಸತ್ವ ಬೇಗ ಹೋಗುತ್ತದೆ. ಜೊತೆಗೆ ಅಳತೆ ಮಾಡಿದ ನೋವಿನ ಔಷಧ, ನೆಲಕ್ಕೆ ಮೆತ್ತನೆಯ ಟವೆಲ್, ಸದಾ ಒಣಹುಲ್ಲು. ಗಿನಿ ಪಿಗ್ ತಿನ್ನುವುದನ್ನು ನಿಲ್ಲಿಸಿದರೆ ಕರುಳೂ ನಿಲ್ಲುತ್ತದೆ. ಆದ್ದರಿಂದ ತಾನಾಗಿ ತಿನ್ನುವವರೆಗೆ ಹುಲ್ಲಿನ ಪುಡಿಯನ್ನು ನೀರಲ್ಲಿ ಕಲಸಿ ತುಸುತುಸುವೇ ಕುಡಿಸಬೇಕು. ಶರಣಪ್ಪನವರು ನಾಲ್ಕು ದಿನ ರಜೆ ಹಾಕಿದರು. ಕಾರಣ ಏನೆಂದು ಬರೆದಿರಿ ಎಂದು ಕೇಳಿದೆ. “ಮನ್ಯಾಗ ಸಾಹೇಬರಿಗಿ ಆರಾಮಿಲ್ಲ ಅಂತ ಬರದೀನ್ರಿ. ಯಾವ ಸಾಹೇಬ ಅಂತ ಯಾರೂ ಕೇಳಲಿಲ್ಲ” ಎಂದರು.

ನಾಲ್ಕನೇ ದಿನ ಸಾಹೇಬ ಢೋಬಳಿ ಮಿರ್ಚಿಯ ಒಂದು ಚೂರನ್ನು ತಾನಾಗಿಯೇ ಕಡಿಯಿತು. ಒಂಬತ್ತನೇ ದಿನ ಅಶ್ವಿನಿ ನಾಸಿಕ್‌ನಿಂದ ಬಸ್ಸಿಳಿದು, ಬ್ಯಾಗ್ ಹೆಗಲಲ್ಲಿರುವಾಗಲೇ ಅಪ್ಪನೊಂದಿಗೆ ಕ್ಲಿನಿಕ್ಕಿಗೆ ಬಂದಳು. ನೆಲದ ಮೇಲೆ ಬಿಟ್ಟೆವು. ಅವಳ ದನಿ ಕೇಳಿ ಸಾಹೇಬ ಸೀಟಿಯಂಥ ಕೂಗು ಹಾಕಿತು, ಆಮೇಲೆ ನಾಲ್ಕೂ ಕಾಲೂರಿ, ವಾಲಾಡುತ್ತ, ಅವಳ ಚಪ್ಪಲಿಯವರೆಗೆ ನಡೆಯಿತು. ಶರಣಪ್ಪನವರು ಚಪ್ಪಾಳೆ ತಟ್ಟಲು ಎದ್ದವರು, ಏನೋ ನೆನಪಾಗಿ ಮೆಲ್ಲಗೆ ಕುಳಿತುಕೊಂಡರು. ಮೂರನೇ ವಾರಕ್ಕೆ ತೂಕ 830 ಗ್ರಾಂ.

ಅಂದು ನನ್ನನ್ನು ದಾರಿ ತಪ್ಪಿಸಿದ್ದು ‘ಬಿದ್ದಿಲ್ಲ’ ಎಂಬ ಸುಳ್ಳಲ್ಲ. ಶರಣಪ್ಪನವರು ನಿಜ ಹೇಳಿದ ಮೇಲೆಯೇ ನಾನು ತಪ್ಪಿದ್ದು. ತಪ್ಪೊಪ್ಪಿಕೊಂಡವರನ್ನು ಮುಂದೆ ಏನನ್ನೂ ಕೇಳಬೇಕಿಲ್ಲವೆಂದು ನಮಗೆ ಅನ್ನಿಸಿಬಿಡುತ್ತದೆ. ಕಾರಣ ಸಿಕ್ಕಿತೆಂದು ಮನಸ್ಸು ಕೈ ತೊಳೆದುಕೊಳ್ಳುತ್ತದೆ. ಈಗ ನನ್ನ ಮೇಜಿನ ಮುಂದೆ ಯಾರಾದರೂ “ತಪ್ಪು ನನ್ನದೇ” ಎಂದು ಕಣ್ಣೊರೆಸಿಕೊಂಡರೆ, ಅವರಿಗೊಂದು ಲೋಟ ನೀರು ಕೊಡುತ್ತೇನೆ. ಆಮೇಲೆ ಪೆನ್ನು ತೆರೆದು, ಮೊದಲಿನಿಂದ ಕೇಳಲು ಶುರು ಮಾಡುತ್ತೇನೆ.