ಫಿರ್ದೋಸ ತೊಳೆದ ಕೈಗವಸು

ಕುಂಕಳ್ಳಿಯ ಒಂದು ಕಾರ್ಖಾನೆಯಲ್ಲಿ ದೊಡ್ಡ ಲೇಸರ್ ಯಂತ್ರಗಳಿಗೆ ಕನ್ನಡಿಗಳು ತಯಾರಾಗುತ್ತವೆ. ಗಾಜಿನ ಮೇಲೆ ಕೂದಲಿಗಿಂತ ತೆಳುವಾದ ಲೇಪ. ಹತ್ತು ಲಕ್ಷ ಪಾಲು ಬೆಳಕು ಬಿದ್ದರೆ ಅದು ಹತ್ತು ಪಾಲಿಗಿಂತ ಹೆಚ್ಚು ಹೀರಬಾರದು. ಹೀರಿದರೆ ಕಾದು ಸುಟ್ಟುಹೋಗುತ್ತದೆ. ಹಾಗಾಗಿ ಕನ್ನಡಿಗೆ ಲೇಸರ್ ಬಿಟ್ಟು, ಎಷ್ಟು ಬಿಸಿಯಾಯಿತೆಂದು ನೋಡಿ, ಹೀರಿದ ಬೆಳಕನ್ನು ಅಳೆಯುತ್ತಾರೆ. ಅಳೆಯುವ ಮುನ್ನ ಕನ್ನಡಿ ಒರೆಸುವವಳು ಫಿರ್ದೋಸ.

ಇಂಡಿ ಕಡೆಯ ಹೆಣ್ಣುಮಗಳು. ಗಂಡ ಮುರ್ಮುಗಾಂವ್ ಬಂದರಿನಲ್ಲಿ ಹಮಾಲಿ ಮಾಡುತ್ತಲೇ ತೀರಿಕೊಂಡ. ಕಸ ಗುಡಿಸಲು ಸೇರಿದವಳು ಒಂಬತ್ತು ವರ್ಷದಲ್ಲಿ ಕನ್ನಡಿ ಅಳೆಯುವ ತಣ್ಣನೆಯ ಕೋಣೆಯವರೆಗೆ ಬಂದಿದ್ದಳು.

ಮೇಲ್ವಿಚಾರಕ ಮಾಂತೇಶರ ಜೇಬಿನಲ್ಲಿ ಮೂರು ಪೆನ್ನು, ಮೂರೂ ಸಹಿಗೆ. ಆ ಸೋಮವಾರ ಹತ್ತರೊಳಗಿರಬೇಕಾದ ಕಡೆ ಅಳತೆಯ ಯಂತ್ರ ಅರವತ್ತು ತೋರಿಸಿತು. ಅವರು ಲೇಪದ ಯಂತ್ರ ನಡೆಸುವ ಮುತ್ತುವನ್ನು ಕರೆಸಿದರು.

“ಲೇಪ ಕೆಡಿಸೀದಿ. ನಾಳಿಂದ ಬರಬ್ಯಾಡ.”

“ಎಲ್ಲಾ ನೋಡ್ಕೊಂಡ ಮಾಡೇನ್ರಿ, ಸಾಹೇಬ್ರ.”

“ಹದಿನೆಂಟು ವರ್ಷದ ಅನುಭವ ನಂದು. ಕನ್ನಡಿ ನೋಡಿದ್ರ ಸಾಕು, ತಪ್ಪು ಯಾರದಂತ ಹೇಳ್ತೇನಿ.”

ಕನ್ನಡಿಯಲ್ಲಿ ಆಗ ಕಾಣುತ್ತಿದ್ದದ್ದು ಅವರ ಮುಖವೊಂದೇ.

ಅಲ್ಲೇ ನಿಂತಿದ್ದ ಫಿರ್ದೋಸ ತನ್ನ ಕೈ ನೋಡಿಕೊಂಡಳು. ಒಮ್ಮೆ ಹಾಕಿ ಎಸೆಯಬೇಕಾದ ಕೈಗವಸು. ಗಟ್ಟಿಮುಟ್ಟಾದದ್ದನ್ನು ಎಸೆಯಲು ಮನಸ್ಸು ಬಾರದೆ, ಭಾನುವಾರ ಮನೆಯಲ್ಲಿ ಸಬಕಾರ ಹಚ್ಚಿ ತೊಳೆದು, ಹಗ್ಗಕ್ಕೆ ಹಾಕಿ ಒಣಗಿಸಿ ತಂದಿದ್ದಳು. ಕಂಪನಿಯನ್ನೇ ತಾನು ಸಾಕುತ್ತಿರುವಷ್ಟು ಹೆಮ್ಮೆಯೂ ಆಗಿತ್ತು. ಈಗ ಸುಮ್ಮನಿದ್ದರೆ ಮುತ್ತುವಿನ ಕೆಲಸ ಹೋಗುತ್ತದೆ. ಬಾಯಿಬಿಟ್ಟರೆ ತನಗೆ ಈ ಕೋಣೆ ತಪ್ಪುತ್ತದೆ.

“ಇನ್ನೊಂದ್ ಸಲ ಒರಸ್ತೇನ್ರಿ, ಸಾಹೇಬ್ರ.”

“ಒರಸಿದ್ರ ಲೇಪ ಸುದ್ದ ಆಗತೈತೇನ? ಇದೇನ್ ಉಂಡ ತಾಟೇನವಾ?”

“ನಾ ತೊಳದ ಕೈಗವಸ ಹಾಕ್ಕೊಂಡಿದ್ದೆರಿ. ಅದರ ಸಬಕಾರ ಕನ್ನಡಿಗಿ ಹತ್ತಿರಬೇಕು. ತಪ್ಪು ನಂದ ಐತ್ರಿ.”

ಮಾಂತೇಶರು ಕನ್ನಡಿಯತ್ತ ಕೈ ತೋರಿಸಿದರು. ಅವಳು ಹೊಸ ಕೈಗವಸು ತೊಟ್ಟು ಒರೆಸಿ, ಕನ್ನಡಿಯನ್ನು ಅದರ ಜಾಗದಲ್ಲಿಟ್ಟಳು. ಮೈಯ ಶಾಖವೂ ಅಳತೆ ಕೆಡಿಸುತ್ತದೆಂದು ಮೂವರೂ ಹೊರಗೆ ನಿಂತರು. ಅರ್ಧ ಗಂಟೆ ಕಾದರು.

ಯಂತ್ರ ಎಂಟು ತೋರಿಸಿತು.

“ನನಗ ಮೊದಲಿಂದ ಸಂಶೆ ಇತ್ತು,” ಎಂದರು ಮಾಂತೇಶರು.

ಮಧ್ಯಾಹ್ನವೇ ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಮುತ್ತು ಅಲ್ಲಿಗೆ ಬಂದು ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತ.

“ಆಪಾ, ನೀವು ಸುಮ್ನಿದ್ರ ಯಾರಿಗ್ ಗೊತ್ತಾಕ್ಕಿತ್ತು?”

“ನಾಳಿ ನಿನ್ನ ಹೇಂತಿ ಪ್ಯಾಟ್ಯಾಗ ಸಿಕ್ಕಿದ್ರ ನಾ ಏನಂತ ಮಾತಾಡ್ಸಲೋ?” ಎಂದಳು ಫಿರ್ದೋಸ. “ಯಂತ್ರ ಬಿಟ್ಟು ಇಲ್ಲ್ಯಾಕ ನಿಂತಿ? ಹೋಗು.”

ಅವನು ಹೋದ. ಅವಳು ಮುಂದಿನ ಪೆಟ್ಟಿಗೆ ಎಳೆದುಕೊಂಡಳು.