ಬಾಂದಗಲ್ಲು ಕಂಡವಳು

ಮೊನ್ನೆ ಹೊರ್ತಿಯ ದಾರಿಯಲ್ಲಿ ಕಮ್ಮಾರನೊಬ್ಬ ಕಾದ ಕುಡಗೋಲನ್ನು ನೀರಿಗೆ ಅದ್ದಿದ. ಚುಂಯ್ ಎಂದೆದ್ದ ಹಬೆಯ ವಾಸನೆ ಮೂಗಿಗೆ ಬಡಿಯುತ್ತಲೇ ನನ್ನ ಬೆಂಚಿನ ಗೆಳತಿ ನೆನಪಾದಳು. ಗೆಳತಿ ಎನ್ನುವುದು ಈಗಿನ ಮಾತು. ಆಗ ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಡಿ ಊರಿನ ಕಾಲೇಜಿನಲ್ಲಿ ನಾನೇ ಕ್ಲಾಸಿಗೆ ಮೊದಲು, ಭೌತಶಾಸ್ತ್ರದ ಸರ್‌ಗೆ ಅಚ್ಚುಮೆಚ್ಚು. ಅವಳು ಕಮ್ಮಾರರ ಮಗಳು. ಸುಗ್ಗಿ ಬಂತೆಂದರೆ ಅಪ್ಪನ ಕುಲುಮೆಯಲ್ಲಿ ತಿದಿ ಊದಲು ಕ್ಲಾಸು ತಪ್ಪಿಸುವವಳು. ಒಂದು ದಿನ ಸರ್ ಹಲಗೆಯ ನಡುವೆ ಗೆರೆ ಎಳೆದು, ಎಡಕ್ಕೆ ಹಳೆಯ ಭೌತಶಾಸ್ತ್ರ, ಬಲಕ್ಕೆ ಕ್ವಾಂಟಂ ಎಂದು ಬರೆದರು. ಈ ಎರಡು ಹೊಲಗಳ ನಡುವಿನ ಬಾಂದಗಲ್ಲು ಯಾವುದು ಎಂದು ಕೇಳಿದರು. ನಾನು ಎದ್ದು ಗಿಳಿಪಾಠ ಒಪ್ಪಿಸಿದೆ: ಹಳೆಯ ಲೆಕ್ಕದ ಪ್ರಕಾರ ಕಾದ ವಸ್ತುವಿನಿಂದ ನೇರಳಾತೀತ ಬೆಳಕು ಮಿತಿಯಿಲ್ಲದೆ ಹೊಮ್ಮಬೇಕು... ಅದರಿಂದೇನು ಎಂದರು ಸರ್. ನನ್ನ ಗೈಡಿನ ಪುಟ ಅಲ್ಲಿಗೇ ಮುಗಿದಿತ್ತು. ಆಗ ಅವಳು ಎದ್ದಳು.

“ಆ ಲೆಕ್ಕ ಖರೇ ಇದ್ದಿದ್ರ, ಕುಲುಮಿ ಮುಂದ ಕುಂತ ನಮ್ಮಪ್ಪ ಎಂದೋ ಕುರುಡ ಆಗತಿದ್ದನ್ರಿ ಸರ್. ಕಬ್ಬಿಣ ಕೆಂಪ ಆಗತೈತಿ, ಆಮ್ಯಾಲ ಹಳದಿ, ಬಿಳಿ. ಲೆಕ್ಕಾನ ತಪ್ಪೈತ್ರಿ.”

 ಸರ್ ಸೀಮೆಸುಣ್ಣವನ್ನು ಅವಳ ಕೈಗಿಟ್ಟು, “ಬಾಂದಗಲ್ಲ ನಿನಗ ಕಂಡೈತಿ ನೋಡವಾ. ನೀನ ಬಂದು ನೆಡು” ಎಂದರು. ಅವಳು ಗೆರೆಯ ಮೇಲೆ ‘ಕಾದ ಕಬ್ಬಿಣ’ ಎಂದು ಬರೆದಳು. ಶಕ್ತಿ ಧಾರೆಯಾಗಿ ಸುರಿಯುವುದಿಲ್ಲ, ಜೋಳದಂತೆ ಕಾಳುಕಾಳಾಗಿ ಬರುತ್ತದೆ ಎಂದು ಸರ್ ಮುಂದೆ ವಿವರಿಸಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಆ ಸೀಮೆಸುಣ್ಣ ನನ್ನದಾಗಬೇಕಿತ್ತು.

ಪರೀಕ್ಷೆ ಹತ್ತಿರ ಬಂದಾಗ, ತಪ್ಪಿಹೋದ ಪಾಠಗಳಿಗಾಗಿ ನನ್ನ ನೋಟ್ಸು ಕೇಳಿದಳು. ಬೇರೆಯವರಿಗೆ ಕೊಟ್ಟಿದ್ದೇನೆ ಎಂದೆ. ಅದು ನನ್ನ ಚೀಲದಲ್ಲೇ ಇತ್ತು... ಅವಳು ನಪಾಸಾದಳು, ಮತ್ತೆ ಕಾಲೇಜಿಗೆ ಬರಲಿಲ್ಲ.

ಈಗ ಸಿಂದಗಿಯಲ್ಲಿ ನಾನೂ ಅದೇ ಪಾಠ ಹೇಳುತ್ತೇನೆ. ಅವಳಾಡಿದ ಕಮ್ಮಾರನ ಕಣ್ಣಿನ ಮಾತನ್ನು ವರ್ಷ ವರ್ಷವೂ ನನ್ನದೆಂಬಂತೆ ಆಡಿ ಭೇಷ್ ಅನ್ನಿಸಿಕೊಂಡಿದ್ದೇನೆ.

ಹೊರ್ತಿಯ ದಾರಿಯ ಆ ಕಮ್ಮಾರ ಅವಳ ತಮ್ಮನೆಂದು ಮಾತಾಡುತ್ತ ತಿಳಿಯಿತು. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ. ನಿಮಗೆ ಅವಳ ಗುರುತಿತ್ತೇ ಎಂದು ಕೇಳಿದ.

“ಒಂದ ಬೆಂಚಿನ್ಯಾಗ ಕುಂಡರತಿದ್ವಿ” ಎಂದೆ.

ಇಂದು ಕ್ಲಾಸಿನಲ್ಲಿ ಗೆರೆ ಎಳೆದು, ಆ ಮಾತು ಯಾರದೆಂದು ಮೊದಲ ಸಲ ಹೇಳಿದೆ. ನನಗೆಂದೂ ತಟ್ಟದಷ್ಟು ಜೋರಾಗಿ ಮಕ್ಕಳು ಚಪ್ಪಾಳೆ ತಟ್ಟಿದರು. ಕೇಳಲು ಅವಳಿರಲಿಲ್ಲ... ಆದರೂ ನನಗೆ ಹೊಟ್ಟೆಕಿಚ್ಚಾಯಿತು.