ಎಡಕ್ಕೆ ವಾಲುತ್ತಿದ್ದ ಕಾರು

ನನಗೊಂದು ವಿಚಿತ್ರ ಚಟವಿದೆ. ರಸ್ತೆಯ ಮೇಲೆ ಯಾವುದೇ ಗಾಡಿ ನಿಂತಿರಲಿ, ಅದರ ಹಿಂದೆ ಹೋಗಿ ನಿಂತು, ಒಂದು ಕಣ್ಣು ಮುಚ್ಚಿ, ಅದು ಯಾವ ಕಡೆಗೆ ವಾಲಿದೆ ಎಂದು ನೋಡುತ್ತೇನೆ. ಚಿತ್ತಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಹೀಗೆ ನಿಂತಿದ್ದಾಗ ಕಂಡಕ್ಟರನೊಬ್ಬ ನಾನು ಅವನ ಬಸ್ಸಿಗೆ ಕಣ್ಣು ಹೊಡೆಯುತ್ತಿದ್ದೇನೆಂದು ತಿಳಿದು, "ಯಾಕ್ರೀ ಮಾಸ್ತರ, ಭಾಳ ಛಂದ ಕಾಣಾಕತ್ತದೇನು?" ಎಂದು ಕೇಳಿದ್ದ. ಹೈಸ್ಕೂಲು ಮಾಸ್ತರನಾದವನು ಬಸ್ಸಿಗೆ ಮನಸೋತ ಸುದ್ದಿ ಊರಲ್ಲಿ ಕೆಲವು ದಿನ ಚೆನ್ನಾಗಿಯೇ ಓಡಾಡಿತು.

ಆದರೆ ನೀವೂ ಒಮ್ಮೆ ನೋಡಿ. ಪೂರ್ತಿ ನೆಟ್ಟಗೆ ನಿಂತ ಗಾಡಿ ಸಿಗುವುದು ಅಪರೂಪ. ಒಂಟಿಯಾಗಿ ಓಡಾಡುವ ಡಾಕ್ಟರರ ಕಾರು ಡ್ರೈವರನ ಕಡೆಗೆ ತಗ್ಗಿರುತ್ತದೆ, ಸರಕು ಹೇರುವ ಜೀಪು ಹಿಂದಕ್ಕೆ ಕೂತಿರುತ್ತದೆ. ಯಾರು ಎಲ್ಲಿ ಎಷ್ಟು ವರ್ಷ ಕೂತರು ಎಂಬುದು ಗಾಡಿಯ ಸೊಂಟಕ್ಕೆ ಗೊತ್ತಿರುತ್ತದೆ. ನನಗೆ ಈ ಜ್ಞಾನ ಬಂದದ್ದು ನನ್ನ ಭಾವನವರ ಕಾರಿನಿಂದ. ಅದು ಎಡಕ್ಕೆ ವಾಲುತ್ತಿತ್ತು. ಅದನ್ನು ಅವರು ನೆಟ್ಟಗೆ ಮಾಡಿಸಿದರು. ಮಾಡಿಸದಿದ್ದರೆ ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಭಾವ ಶರಣಪ್ಪನವರು ಚಿತ್ತಾಪುರದಲ್ಲಿ ವಕೀಲರು. ನನ್ನ ಅಕ್ಕ ನೀಲಮ್ಮ ಅವರ ಹೆಂಡತಿ. ಮಾಸ್ತರಿಕೆ ಸಿಕ್ಕು ನಾನು ಆ ಊರಿಗೆ ಹೋದಾಗ ಅವರ ಮನೆಯಲ್ಲೇ ಉಳಿದೆ. ನಮ್ಮದು ಇನ್ನೂ ಮೈಸೂರು ರಾಜ್ಯವಾಗಿದ್ದ ಕಾಲ. ಶಹಾಬಾದಿನ ಕಡೆಯ ಒಂದು ಕಾರ್ಖಾನೆಯಲ್ಲಿದ್ದ ಬಿಳಿ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಕಾರನ್ನು ಭಾವ ಕೊಂಡಿದ್ದರು. ಎರಡೇ ಸೀಟಿನ, ಮೇಲೆ ಕ್ಯಾನ್ವಾಸಿನ ಮಡಚುವ ಮುಚ್ಚಳವಿದ್ದ, ದಾಳಿಂಬೆ ಬಣ್ಣದ ವಿಲಾಯತಿ ಸ್ಪೋರ್ಟ್ಸ್ ಕಾರು. ಪಂದ್ಯದಲ್ಲಿ ಓಡಲಿಕ್ಕೆಂದು ಹುಟ್ಟಿದ್ದು ನಮ್ಮ ಭಾಗದ ಕಲ್ಲುರಸ್ತೆಗೆ ಬಂದು ಎಮ್ಮೆಗಳ ಹಿಂದೆ ನಡೆಯುವುದನ್ನು ಕಲಿತಿತ್ತು. ನೆಲಕ್ಕೆ ಅಷ್ಟು ಹತ್ತಿರವಿತ್ತೆಂದರೆ ಅದರಲ್ಲಿ ಕೂತವರಿಗೆ ದಾರಿಯ ಕೋಳಿಗಳು ಸಮಾನಸ್ಕಂಧರಾಗಿ ಕಾಣುತ್ತಿದ್ದವು. ಭಾವನ ತಂದೆ ಒಮ್ಮೆ ಹಟ ಹಿಡಿದು ಅದರಲ್ಲಿ ಕೂತರು, ಕೂತವರು ಏಳಲಾರದೆ ಹೋದರು. ಆಳುಗಳು ಬಂದು ಕಂಕುಳಿಗೆ ಕೈಕೊಟ್ಟು ಎತ್ತಿದ ಮೇಲೆ, "ಇದು ಗಾಡಿ ಅಲ್ಲೋ, ಬಾವಿ" ಎಂದು ಹೇಳಿ ಮತ್ತೆ ಅದರ ಹತ್ತಿರ ಸುಳಿಯಲಿಲ್ಲ.

ಈಗ ಆ ಮನೆಯ ಒಂದು ರೂಢಿಯನ್ನು ಹೇಳಬೇಕು. ಅತ್ತೆ ಮಾವ ಇರುವ ತುಂಬಿದ ಮನೆಯಲ್ಲಿ ಗಂಡ ಹೆಂಡತಿ ನೇರವಾಗಿ ಮಾತಾಡುವುದು ಅಗೌರವ. ಭಾವ ಪಡಸಾಲೆಯಲ್ಲಿ ಕೂತು, "ಕೋರ್ಟಿಗಿ ಹೊತ್ತಾಗ್ಯಾದ, ಊಟಕ್ಕ ಬಡಸಬೇಕಂತ ನಿಮ್ಮಕ್ಕಗ ಹೇಳು" ಎನ್ನುವರು. ಅಕ್ಕ ಬಾಗಿಲ ಮರೆಯಲ್ಲೇ ನಿಂತು ಎಲ್ಲವನ್ನೂ ಕೇಳಿರುತ್ತಾಳೆ, ಆದರೂ ನಾನು ಹೋಗಿ ಹೇಳುವ ತನಕ ಕಾಯುತ್ತಾಳೆ. ಆಮೇಲೆ, "ಕೈ ತೊಳಕೋರಿ ಅಂತ ಹೇಳು" ಎನ್ನುತ್ತಾಳೆ. ನಾನು ಬಂದು ಹೇಳುವಷ್ಟರಲ್ಲಿ ಭಾವ ಕೈ ತೊಳೆದಿರುತ್ತಾರೆ. ರಾತ್ರಿ ಕೂಡ ಅಕ್ಕ ಒಳಗೆ ಅತ್ತೆಯ ಹತ್ತಿರ, ಭಾವ ಪಡಸಾಲೆಯಲ್ಲಿ ತಂದೆಯ ಪಕ್ಕ ಮಲಗುವುದು. ಹಗಲೆಲ್ಲ ಶಾಲೆಯಲ್ಲಿ ಪಾಠ ಹೇಳಿ, ಸಂಜೆ ಮನೆಯಲ್ಲಿ ಈ ಹೊಸ್ತಿಲಿನ ನೌಕರಿ ಮಾಡುತ್ತಿದ್ದೆ. ಎರಡರಲ್ಲೂ ನಾನು ಹೇಳುವ ಮೊದಲೇ ಕೇಳುವವರಿಗೆ ವಿಷಯ ಗೊತ್ತಿರುತ್ತಿತ್ತು, ಅಥವಾ ಹೇಳಿದ ಮೇಲೂ ಗೊತ್ತಾಗುತ್ತಿರಲಿಲ್ಲ.

ಆ ಕಾರಿನಲ್ಲಿ ಮಾತ್ರ ಮೂರನೆಯವರಿಗೆ ಜಾಗವಿರಲಿಲ್ಲ. ಚಿಂಚೋಳಿಯ ಕಡೆ ಅವರ ಹೊಲವಿತ್ತು. ಹೊಲ ನೋಡುವ ನೆಪದಲ್ಲಿ ರವಿವಾರ ಇಬ್ಬರೂ ಹೊರಟು, ಚಂದ್ರಂಪಳ್ಳಿಯ ಕಾಡಿನ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು ಬರುತ್ತಿದ್ದರು. ಒಮ್ಮೆ ನಾನು ಕಾಳಗಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಾರು ನನ್ನೆದುರೇ ಹಾದುಹೋಯಿತು. ಅಕ್ಕ ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದು ಕೈ ಬೀಸಿ ಬೀಸಿ ವಾದ ಮಾಡುತ್ತಿದ್ದಳು. ಭಾವ ಅದೇ ಹೊತ್ತಿಗೆ ಎದುರು ವಾದ ಮಾಡುತ್ತಿದ್ದರು. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಇಬ್ಬರೂ ನಗುತ್ತಿದ್ದರು. ಅಕ್ಕನಿಗೆ ಅಷ್ಟೊಂದು ಮಾತು ಬರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ. ನಾನು ಕೈ ಎತ್ತಿದ್ದು ಅವರಿಬ್ಬರಿಗೂ ಕಾಣಲಿಲ್ಲ.

ನನ್ನ ಅಕ್ಕ ಮೈಕೈ ತುಂಬಿಕೊಂಡವಳು, ಭಾವ ಕರಿಕೋಟು ತೆಗೆದರೆ ಬರೀ ಗೂಟ. ವರ್ಷಗಟ್ಟಲೆ ಹೀಗೆ ಓಡಾಡಿದ ಮೇಲೆ ಕಾರಿನ ಎಡಗಡೆ ತಗ್ಗಿತು. ಯಾರೂ ಕೂಡದೆ ಸುಮ್ಮನೆ ಅಂಗಳದಲ್ಲಿ ನಿಂತಾಗಲೂ ಅದು ಎಡಕ್ಕೇ ವಾಲಿ ನಿಲ್ಲುತ್ತಿತ್ತು. ಪಕ್ಕದಲ್ಲಿ ಕೂತವರ ಮಾತಿಗೆ ಕಿವಿ ಕೊಟ್ಟ ಹಾಗೆ ಕಾಣುತ್ತಿತ್ತು ನನಗೆ.

ತೆಂಗಳಿಯಲ್ಲಿ ಒಂದು ಮದುವೆ. ಇಬ್ಬರೂ ಕಾರಿನಲ್ಲೇ ಬಂದರು. ನಾನು ಮೊದಲೇ ಬಸ್ಸಿನಲ್ಲಿ ಹೋಗಿದ್ದೆ. ಬೀಗರೆಲ್ಲ ಕಾರಿನ ಸುತ್ತ ನೆರೆದರು. ಯಾರೋ ಒಬ್ಬರು, "ವಕೀಲರೇ, ಗಾಡಿ ಯಾಕ್ರೀ ಒಂದ್ ಕಡಿ ವಾಲ್ಯಾದ?" ಎಂದು ಕೇಳಿದರು. ನಾಲ್ಕು ಜನ ಸೇರಿದರೆ ವಕೀಲರ ನಾಲಿಗೆಗೆ ಕಚಗುಳಿ ಇಟ್ಟಂತಾಗುತ್ತದೆ. "ಎಡಗಡಿ ಯಾರ್ ಕುಂದರ್ತಾರ ನೋಡ್ರಿ, ಗೊತ್ತಾಗ್ತದ" ಎಂದರು ಭಾವ. ಚಪ್ಪರವೆಲ್ಲ ನಕ್ಕಿತು. ಅಕ್ಕನೂ ಸೆರಗು ಬಾಯಿಗಿಟ್ಟು ನಕ್ಕಳು. ಊಟವಾಗಿ ಹೊರಡುವ ಹೊತ್ತಿಗೆ ನನ್ನನ್ನು ಕರೆದು, "ನಾ ಹೆಣ್ಮಕ್ಕಳ ಜೋಡಿ ಬಸ್ಸಿನಾಗ ಬರ್ತೀನಿ ಅಂತ ಹೇಳು" ಎಂದಳು. ಹೇಳಿದೆ. ಅದರ ಮುಂದಿನ ರವಿವಾರ ಮೊಣಕಾಲು ನೋವೆಂದಳು. ಅದರಾಚೆಯದಕ್ಕೆ ಅತ್ತೆಯ ಉಪವಾಸ ಅಡ್ಡಬಂತು. ಆಮೇಲೆ ನೆಪ ಹೇಳುವುದನ್ನೂ ಬಿಟ್ಟಳು, ಭಾವ ಕೇಳುವುದನ್ನೂ ಬಿಟ್ಟರು.

ಭಾವನವರಿಗೆ ಪಶ್ಚಾತ್ತಾಪವಾಗಿತ್ತು. ಅದು ನಮಗೆಲ್ಲ ಕಾಣುತ್ತಿತ್ತು. ಆದರೆ ತಪ್ಪಾಯಿತು ಎನ್ನುವುದಾದರೂ ಎಲ್ಲಿ? ಮಾತಾಡುವ ಜಾಗ ಕಾರೊಂದೇ, ಅವಳು ಕಾರು ಹತ್ತುತ್ತಿಲ್ಲ. ನನ್ನ ಕೈಯಲ್ಲಿ ಹೇಳಿಕಳಿಸುವಂಥ ಮಾತೂ ಅದಲ್ಲ. ಅದಕ್ಕೆ ಅವರು ವಕೀಲರ ಬುದ್ಧಿಯಿಂದ ಒಂದು ದಾರಿ ಹುಡುಕಿದರು. ವಾಲಿದ್ದರಿಂದ ತಾನೇ ಮಾತು ಬಂದದ್ದು? ಕಾರನ್ನೇ ನೆಟ್ಟಗೆ ಮಾಡಿಸಿಬಿಟ್ಟರೆ ಆಡಿದ ಮಾತಿಗೆ ಸಾಕ್ಷಿಯೇ ಉಳಿಯುವುದಿಲ್ಲ.

ಶಹಾಬಾದಿನಲ್ಲಿ ರಹೀಮ್ ಉಸ್ತಾದ ಎಂಬ ಮೇಸ್ತ್ರಿ ಇದ್ದ. ಕೈಗಿಂತ ಬಾಯಿ ಜೋರು. ತಾನು ಮುಟ್ಟಿದ ಗಾಡಿ ಬಿಚ್ಚಿದ ಜಾಗದಲ್ಲೇ ಹಾಡುತ್ತದೆ ಎನ್ನುವವನು. ಅವನು ನೆಲಕ್ಕೆ ಹಾಸುವ ಫರ್ಸಿಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಕಾರನ್ನು ಅವುಗಳ ಮೇಲೆ ಕೂಡಿಸಿದ. ಬೇರೆ ಊರಿನ ಗ್ಯಾರೇಜಿನಲ್ಲಿ ಇದಕ್ಕೆ ಏನು ಬಳಸುತ್ತಾರೋ, ಶಹಾಬಾದಿನಲ್ಲಂತೂ ಕಲ್ಲಿಗೆ ಬರವಿಲ್ಲ. ಹಿಂದಿನ ಗಾಲಿಗಳ ಮೇಲಿದ್ದ ಕಮಾನು ಪಟ್ಟಿಗಳನ್ನು ಬಿಚ್ಚಿದರೆ, ಬಲಗಡೆಯದು ಇನ್ನೂ ಬಿಲ್ಲಿನ ಹಾಗೆ ಬಾಗಿತ್ತು, ಎಡಗಡೆಯದು ಮಲಗಿದ ಅಡ್ಡಪಟ್ಟಿಯಾಗಿತ್ತು. ಮುಂದಿನ ಸುರುಳಿ ಸ್ಪ್ರಿಂಗುಗಳನ್ನು ಅಕ್ಕಪಕ್ಕ ನಿಲ್ಲಿಸಿದಾಗ ಎಡದ್ದು ಬಲದ್ದರ ಹೆಗಲಿಗೂ ಬರಲಿಲ್ಲ. ಭಾವ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. "ಎಡಗಡಿದಷ್ಟೇ ಬದಲ ಮಾಡ್ರಿ" ಎಂದರು. "ಹಂಗ್ ಆಗಂಗಿಲ್ಲ ಸಾಬ್, ಜೋಡಿ ಬದಲ ಮಾಡಬೇಕು. ಒಂದ್ ಹೊಸದು ಒಂದ್ ಹಳೇದು ಕೂಡಿ ನಡ್ಯಾಂಗಿಲ್ಲ" ಎಂದ ಉಸ್ತಾದ.

ಇಲ್ಲಿ ನಿಮಗೆ ಸ್ವಲ್ಪ ಪಾಂಡಿತ್ಯ ತೋರಿಸಬೇಕು, ಮಾಸ್ತರನ ಹಾಳು ಅಭ್ಯಾಸ. ಪುರಾಣದ ರಥಗಳಿಗೆ ಕುದುರೆಯ ವರ್ಣನೆಯಿದೆ, ಧ್ವಜದ ವರ್ಣನೆಯಿದೆ, ಕೂತವರ ಸೊಂಟ ಹೇಗಿತ್ತೆಂದು ಮಾತ್ರ ಯಾರೂ ವಿಚಾರಿಸಿದಂತಿಲ್ಲ. ನಮ್ಮ ಎತ್ತಿನ ಬಂಡಿಗೂ ಸ್ಪ್ರಿಂಗಿಲ್ಲ. ಅಲ್ಲಿ ಕೂತವರ ಬೆನ್ನೇ ಸ್ಪ್ರಿಂಗು. ಸ್ಪ್ರಿಂಗೊಂದೇ ಇದ್ದರೂ ಸಾಲದು ಎಂಬುದನ್ನು ಉಸ್ತಾದನ ಗ್ಯಾರೇಜಿನಲ್ಲಿ ತಿಳಿದೆ. ತಗ್ಗಿಗೆ ಬಿದ್ದ ಗಾಡಿಯನ್ನು ಸ್ಪ್ರಿಂಗು ಎತ್ತುತ್ತದೆ, ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಬಿದ್ದದ್ದನ್ನೇ ನೆನೆಸಿಕೊಂಡು ಕುಣಿಯುತ್ತಲೇ ಇರುತ್ತದೆ. ಅದಕ್ಕೆ ಪಕ್ಕದಲ್ಲಿ ಶಾಕಬ್ಸರ್ ಎಂಬ ಎಣ್ಣೆ ತುಂಬಿದ ಡಬ್ಬಿಯೊಂದನ್ನು ಕೂಡಿಸಿರುತ್ತಾರೆ. ಆಯಿತು, ಸಾಕು, ಬಿಡು ಎಂದು ಸ್ಪ್ರಿಂಗಿಗೆ ಸಮಾಧಾನ ಹೇಳುವುದಷ್ಟೇ ಅದರ ಕೆಲಸ. ಭಾವನ ಕಾರಿನ ಡಬ್ಬಿಗಳ ಎಣ್ಣೆಯೆಲ್ಲ ಸೋರಿಹೋಗಿತ್ತು. ಮನೆಯಲ್ಲೂ ಅಂಥದೇ ಪರಿಸ್ಥಿತಿ ಇತ್ತು. ಅಕ್ಕನ ಮನಸ್ಸು ತೆಂಗಳಿಯ ಚಪ್ಪರದಲ್ಲೇ ಕುಣಿಯುತ್ತಿತ್ತು, ಸಾಕು ಬಿಡು ಎನ್ನುವವರು ಯಾರೂ ಇರಲಿಲ್ಲ.

ಸಾಮಾನು ಮುಂಬಯಿಯಿಂದ ಬರಬೇಕಿತ್ತು. ವಾಡಿ ಜಂಕ್ಷನ್ನಿನ ಪಾರ್ಸೆಲ್ ಆಫೀಸಿಗೆ ಎಡತಾಕಿ ಎಡತಾಕಿ ಅಲ್ಲಿಯವರಿಗೆ ನಾವು ಬೀಗರ ಹಾಗೆ ಪರಿಚಿತರಾದೆವು. ಮಳೆಗಾಲ ಹೋಗಿ ಚಳಿ ಬಂತು. ಕೊನೆಗೆ ಸ್ಪ್ರಿಂಗುಗಳೂ ಶಾಕಬ್ಸರುಗಳೂ ಬಂದು ಕಾರಿಗೆ ಸೇರಿದವು. ಫರ್ಸಿ ಹಾಸುವವರು ನೆಲದ ಮಟ್ಟ ನೋಡಲು ಬಳಸುವ ನೀರಿನ ಕೊಳವೆಯನ್ನು ತಂದು, ಉಸ್ತಾದ ಕಾರಿನ ಎರಡೂ ಮಗ್ಗುಲಿಗೆ ಹಿಡಿದು ನೋಡಿದ. ಆಮೇಲೆ ತಲೆ ಕೆರೆದು, "ನಿಮ್ಮ ಮನಿ ಬಾಯೋರ ತೂಕ ಎಷ್ಟ್ರೀ ಸಾಬ್? ಅಷ್ಟು ವಜನ್ ಇಟ್ಟು ನೋಡಬೇಕಾಗ್ತದ" ಎಂದ. ಭಾವನ ಮುಖ ಸಪ್ಪಗಾಯಿತು. "ಅದೆಲ್ಲಾ ನಾ ಹೇಳಂಗಿಲ್ಲ. ನೆಟ್ಟಗ ನಿಂದರಬೇಕು, ಅಷ್ಟೇ" ಎಂದರು. ತೆಂಗಳಿಯಲ್ಲಿ ಬೇಕಾಗಿದ್ದ ವಿವೇಕ ಶಹಾಬಾದಿನಲ್ಲಿ ಬಂದಿತ್ತು. ಕೊನೆಗೆ ನನ್ನನ್ನೇ ಎಡಗಡೆ ಕೂಡಿಸಿ, ತೊಡೆಯ ಮೇಲೊಂದು ತೊಗರಿ ಚೀಲ ಹೇರಿದರು. ಅಕ್ಕನ ತೂಕವನ್ನು ಊಹಿಸಿ ಹೊತ್ತುಕೊಂಡು ಶಹಾಬಾದಿನ ಬಜಾರನ್ನು ಸುತ್ತಿದ ಏಕೈಕ ತಮ್ಮ ನಾನೇ ಇರಬೇಕು. ಕಾರು ತಗ್ಗಿಗೆ ಇಳಿದು ಎದ್ದು ಗಪ್ಪನೆ ನಿಲ್ಲುತ್ತಿತ್ತು. ಹೊಸದರಲ್ಲಿ ಹೀಗೇ ಇತ್ತೇನೋ.

ಚಿತ್ತಾಪುರದ ಅಂಗಳಕ್ಕೆ ಕಾರು ಬಂದು ನಿಂತಿತು. ಭಾವ ಅದರ ಮೈಯನ್ನು ತಾವೇ ಒರೆಸಿದರು. ಪಡಸಾಲೆಗೆ ಬಂದು, ಅಡಿಗೆಮನೆಗೆ ಕೇಳಿಸುವ ಹಾಗೆ ನನಗೆ ಹೇಳಿದರು, "ಗಾಡಿ ನೆಟ್ಟಗ ಆಗ್ಯಾದ. ಬರೋ ಐತವಾರ ಚಂದ್ರಂಪಳ್ಳಿಗಿ ಹೋಗೋಣೇನು ಅಂತ ನಿಮ್ಮಕ್ಕಗ ಕೇಳು." ನಾನು ಒಳಗೆ ಹೋದೆ. ಅಕ್ಕ ಕಿಟಕಿಯಲ್ಲಿ ನಿಂತು ಕಾರನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ಖರೇನೇ ಭಾಳ ಛಂದ ನಿಂತದ ತಮ್ಮಾ" ಎಂದಳು. ಕಿಟಕಿಯಿಂದ ಈಚೆ ಬಂದು, "ನಾ ಕುಂತ್ರ ಮತ್ತ ವಾಲ್ತದ. ಹಂಗೇ ನೆಟ್ಟಗಿರ್ಲಿ ಅಂತ ಹೇಳು" ಎಂದಳು.

ನಾನು ಹೊರಗೆ ಬಂದು ಅದನ್ನು ಹೇಳಿದೆ. ಒಂದು ಅಕ್ಷರ ಬಿಡದೆ ಹೇಳುವುದು ನನ್ನ ನೌಕರಿಯ ಧರ್ಮವಾಗಿತ್ತು. ಭಾವನವರ ಬಾಯಲ್ಲಿ ಒಂದು ಉತ್ತರವಿದ್ದದ್ದು ನನಗೆ ಕಂಡಿತು. ಆದರೆ ಅವರ ತಂದೆ ಅಲ್ಲೇ ಮಂಚದ ಮೇಲೆ ಕೂತಿದ್ದರು, ತಾಯಿ ಬತ್ತಿ ಹೊಸೆಯುತ್ತಿದ್ದರು. ಭಾವ ಕರವಸ್ತ್ರ ಮಡಚಿ ಕಿಸೆಗಿಟ್ಟುಕೊಂಡು ಆಫೀಸಿನ ಕೋಣೆಗೆ ಹೋದರು.

ಅಲ್ಲಿಂದ ಮುಂದೆ ಆ ಕಾರಿನಲ್ಲಿ ಅವರೊಬ್ಬರೇ ಓಡಾಡಿದರು. ರಾಜ್ಯದ ಹೆಸರು ಕರ್ನಾಟಕವಾಯಿತು, ನನಗೆ ಮದುವೆಯಾಗಿ ಹತ್ತಿರದಲ್ಲೇ ಬೇರೆ ಮನೆ ಮಾಡಿದೆ. ಹಿರಿಯರಿಬ್ಬರೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಯಾರಿಗಾಗಿ ಆ ರೂಢಿ ಇತ್ತೋ ಅವರು ಹೋದ ಮೇಲೂ ರೂಢಿ ಹೋಗಲಿಲ್ಲ. ನಾನು ಸಂಜೆ ಹೋದರೆ, ಬೆಳಗಿನಿಂದ ಕೂಡಿಟ್ಟ ಮಾತುಗಳು ನನಗಾಗಿ ಎರಡೂ ಕಡೆ ಕಾಯುತ್ತಿರುತ್ತಿದ್ದವು. ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು, ಹೆಚ್ಚಾಗಿ ದುಃಖವಾಗುತ್ತಿತ್ತು. ಒಂದೇ ಸೂರಿನ ಕೆಳಗಿನ ಇಬ್ಬರು ಒಳ್ಳೆಯವರು ಇಷ್ಟು ವರ್ಷ ಹೀಗೆ ಕಳೆದರಲ್ಲ!

ಭಾವನ ಕಣ್ಣು ಮಂದವಾದಾಗ ಕಾರು ಮಾರುವುದೆಂದಾಯಿತು. ಸೇಡಂನ ಗುತ್ತೇದಾರರೊಬ್ಬರು ಬಂದರು. ಹಳೆಯ ಗಾಡಿಗಳ ಹುಚ್ಚಿದ್ದವರು. ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು. ಕಾರು ಈಗ ಬಲಕ್ಕೆ, ಡ್ರೈವರನ ಕಡೆಗೆ, ಕೊಂಚ ವಾಲಿತ್ತು. ಮಡ್‌ಗಾರ್ಡ್ ಒತ್ತಿ ಬಿಟ್ಟು, ಹಿಗ್ಗಿನಿಂದ, "ಎಡಗಡಿದು ಹೊಸದ್ ಇದ್ದಂಗೇ ಅದಲ್ರಿ ವಕೀಲ್ ಸಾಬ್! ಈ ಸೀಟಿನಾಗ ಯಾರೂ ಕುಂತೇ ಇಲ್ಲೇನು?" ಎಂದರು. ಅವರು ಹೊಗಳಿದ್ದು. ಭಾವ, "ಇಲ್ಲ" ಎಂದರು.

ಕಾರು ಓಣಿಯ ತಿರುವು ದಾಟಿ ದಂಡೋತಿಯ ದಾರಿ ಹಿಡಿದು ಹೋಯಿತು. ಭಾವ ಕಟ್ಟೆಯ ಮೇಲೆ ಕೂತರು. ಅದರ ಸದ್ದು ಪೂರ್ತಿ ಅಡಗಿದ ಮೇಲೆ, "ನೆಟ್ಟಗ ಮಾಡಸಬಾರದಿತ್ತೋ ಮಾಸ್ತರ. ವಾಲಿದ್ರ ವಾಲ್ಲಿ, ನೀ ಬಂದು ಕುಂದರು ಅನಬೇಕಿತ್ತು ನಾ" ಎಂದರು. ಆಮೇಲೆ, "ಹೇಳು" ಎಂದರು.

ನಾನು ಎದ್ದು ಹೋದೆ. ಅಕ್ಕ ಬಾಗಿಲ ಮರೆಯಲ್ಲೇ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಎಲ್ಲ ಕೇಳಿದ್ದಳು. ಕೈ ನಿಂತಿತ್ತು. "ಆ ಒಂದ್ ಮಾತ್ ಆವಾಗ ಅಂದಿದ್ರ, ಬುತ್ತಿ ಕಟಗೊಂಡು ಬಂದು ಕುಂದರ್ತಿದ್ದೆ ಅಂತ ಹೇಳು" ಎಂದಳು.

ಬಂದು ಹೇಳಿದೆ. ಭಾವ ತಲೆಯಾಡಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಕಡೆ ನೋಡದೆ, ಬಾಗಿಲ ಕಡೆ ಮುಖ ತಿರುಗಿಸಿ, "ಇಷ್ಟೊತ್ತಿಗಿ ಗಾಡಿ ದಂಡೋತಿ ದಾಟಿರಬೇಕು" ಎಂದರು.

ಒಳಗಿನಿಂದ ಅಕ್ಕ, "ಇಲ್ರಿ, ಇಷ್ಟ್ ಲಗೂ ಎಲ್ಲಿ ದಾಟ್ತದ" ಎಂದಳು.

"ದಾರಿ ಖಾಲಿ ಅದ, ದಾಟಿರ್ತದ."

"ಹೊಳಿ ಹತ್ರ ರಸ್ತಾ ಕೆಟ್ಟದ್ರಿ. ಮೆಲ್ಲಕ ಹೋಗಬೇಕು."

ವಾದ ಹೀಗೇ ಬೆಳೆಯಿತು. ನಾನು ಹೊಸ್ತಿಲಲ್ಲಿ ನಿಂತೇ ಇದ್ದೆ. ಇಬ್ಬರಲ್ಲಿ ಯಾರೂ "ಹೇಳು" ಎನ್ನಲಿಲ್ಲ. ಅವರ ಕಾರು ಮಾತ್ರ ಆಗಲೇ ಸೇಡಂನವರದಾಗಿತ್ತು.